ಬೋಳು ಕಾಡಿನ ಲೆಕ್ಕ: ಬಿಳಿಗಿರಿರಂಗನ ಬೆಟ್ಟದಲ್ಲಿ ಮರ ನೋಡುವುದು ಹೇಗೆ

ಮಾರ್ಚ್ ತಿಂಗಳಲ್ಲಿ ಯಳಂದೂರಿನ ಕಡೆಯಿಂದ ಬಿಳಿಗಿರಿರಂಗನ ಬೆಟ್ಟ ಹತ್ತುವವರು ಸಾಮಾನ್ಯವಾಗಿ ಆಡುವ ಮಾತು ಒಂದೇ: "ಎಲ್ಲಾ ಒಣಗಿ ಹೋಗಿದೆ, ಮಳೆಗಾಲದಲ್ಲಿ ಬರಬೇಕಿತ್ತು." ಕಣ್ಣಿಗೆ ತಂಪು ಬೇಕೆನ್ನುವವರಿಗೆ ಅದು ಸರಿಯೇ. ಮರಗಳನ್ನು ಒಂದೊಂದಾಗಿ ಗುರುತು ಹಿಡಿಯಬೇಕು, ಯಾವುದು ಯಾವಾಗ ಏನು ಮಾಡುತ್ತದೆ ಎಂದು ನೋಡಿ ಲೆಕ್ಕ ಬರೆದಿಡಬೇಕು ಎನ್ನುವವರು ಮಾತ್ರ ಡಿಸೆಂಬರಿನಿಂದ ಮೇ ತನಕ ಬರಬೇಕು. ಆಗಸ್ಟಿನಲ್ಲಿ ಎಲ್ಲ ಮರವೂ ಹಸಿರು, ಎಲ್ಲವೂ ಒಂದೇ ಥರ. ಎಲೆಯುದುರುವ ಕಾಡು ಹೂ ಬಿಡುವುದು, ಚಿಗುರುವುದು, ಕಾಯಿ ಒಡೆದು ಬೀಜ ಹಾರಿಸುವುದು ಬಹುಪಾಲು ಈ ಒಣ ತಿಂಗಳುಗಳಲ್ಲೇ.

ಬಿಳಿಗಿರಿರಂಗನ ಬೆಟ್ಟವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. 1974ರಲ್ಲಿ ಅಭಯಾರಣ್ಯವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಸುಮಾರು 540 ಚದರ ಕಿಲೋಮೀಟರ್ ಕಾಡು ಹೆಚ್ಚುಕಡಿಮೆ 600 ಮೀಟರಿನಿಂದ 1800 ಮೀಟರ್ ಎತ್ತರದವರೆಗೆ ಹಬ್ಬಿದೆ. ಬುಡದಲ್ಲಿ ಮುಳ್ಳುಪೊದೆ, ಅದರ ಮೇಲೆ ಒಣ ಎಲೆಯುದುರುವ ಕಾಡು, ಇನ್ನೂ ಮೇಲೆ ತೇವದ ಎಲೆಯುದುರುವ ಕಾಡು, ನೆತ್ತಿಯಲ್ಲಿ ಶೋಲಾ (ಬೆಟ್ಟದ ಮಡಿಲಿನ ಕುಳ್ಳ ನಿತ್ಯಹಸಿರು ಕಾಡು) ಮತ್ತು ಹುಲ್ಲುಗಾವಲು. ಒಂದೇ ದಿನ, ಒಂದೇ ರಸ್ತೆಯಲ್ಲಿ ಹತ್ತುತ್ತಾ ಹೋದರೆ ಕೆಳಗೆ ಬೋಳಾದ ಮತ್ತಿ ಮರ, ಮೇಲೆ ಇನ್ನೂ ಎಲೆ ಹೊತ್ತ ಮತ್ತಿ ಮರ ಸಿಗುತ್ತದೆ. ಹಾಗಾಗಿ ಮುಂದೆ ಹೇಳುವ ತಿಂಗಳುಗಳೆಲ್ಲ ಒಣ ಎಲೆಯುದುರುವ ಕಾಡಿನವು. ಮೇಲೆ ಹೋದಂತೆ ಎರಡು ಮೂರು ವಾರ ಹಿಂದೆ ಮುಂದೆ ಆಗುತ್ತದೆ, ಮಳೆ ಕೈಕೊಟ್ಟ ವರ್ಷ ಇನ್ನೂ ಹೆಚ್ಚು.

ಎಲೆ ಉದುರುವುದನ್ನು ಮೊದಲು ನೋಡೋಣ. ಹಸ್ತ, ಚಿತ್ತೆ ಮಳೆ ಮುಗಿದು ಸ್ವಾತಿಯೂ ದಾಟಿತೆಂದರೆ ಮಣ್ಣಿನ ಮೇಲುಪದರ ಆರತೊಡಗುತ್ತದೆ. ಮರ ಎಲೆಯಲ್ಲಿದ್ದ ಸಾರವನ್ನು ಕಾಂಡಕ್ಕೆ ಹಿಂದಕ್ಕೆ ಎಳೆದುಕೊಂಡು ತೊಟ್ಟಿನ ಬುಡದಲ್ಲಿ ಬಿರಡೆಯಂಥ ಪದರ ಕಟ್ಟುತ್ತದೆ. ಆಮೇಲೆ ಗಾಳಿ ಬೀಸಿದರೆ ಸಾಕು. ತೇಗ ದೊಡ್ಡ ಎಲೆಯ ಮರ, ನೀರಿನ ಖರ್ಚೂ ದೊಡ್ಡದು. ಜನವರಿ ಹೊತ್ತಿಗೆ ಅದು ಖಾಲಿಯಾಗತೊಡಗುತ್ತದೆ. ದಿಂಡಿಗ ಉದುರುವ ಮುನ್ನ ತಾಮ್ರಗೆಂಪಿಗೆ ತಿರುಗುತ್ತದೆ. ಬೂದು ಬಿಳುಪಿನ ನುಣುಪು ಕಾಂಡ, ಅಲ್ಲಲ್ಲಿ ಸಿಪ್ಪೆ ಎದ್ದ ಮಚ್ಚೆ, ಮೇಲೆ ಕೆಂಪು ತಲೆ ಕಂಡರೆ ದಿಂಡಿಗ ಎಂದು ದೂರದಿಂದಲೇ ಹೇಳಬಹುದು. ಮತ್ತಿಯ ಗುರುತು ತೊಗಟೆಯಲ್ಲಿದೆ: ಉದ್ದುದ್ದ, ಅಡ್ಡಡ್ಡ ಸೀಳಿ ಚೌಕ ಚೌಕವಾಗಿ ಮೊಸಳೆಯ ಬೆನ್ನಿನಂತೆ ಇರುತ್ತದೆ. ಅನುಮಾನ ಉಳಿದರೆ ಕೆಳಗೆ ಬಿದ್ದ ಎಲೆಯನ್ನು ಮಗುಚಿ ನೋಡಿ. ಬೆನ್ನಿನಲ್ಲಿ, ನಡುನರದ ಬುಡಕ್ಕೆ ಅಂಟಿಕೊಂಡಂತೆ ಸಾಸಿವೆ ಗಾತ್ರದ ಗ್ರಂಥಿಗಳಿರುತ್ತವೆ. ಕೆಲವು ಮತ್ತಿ ಮರಗಳ ಕಾಂಡ ಒಂದು ಕಡೆ ಹೊಟ್ಟೆ ಬಂದಂತೆ ಉಬ್ಬಿರುತ್ತದೆ, ಒಳಗೆ ನೀರು ನಿಂತಿರುತ್ತದೆ. ಎಲ್ಲ ಮತ್ತಿಯಲ್ಲೂ ಹೀಗಿರುವುದಿಲ್ಲ. ಕಾಂಡ ಕಡಿದರೆ ನೀರು ಚಿಮ್ಮುವ ವಿಡಿಯೋ ನೋಡಿ ಮಚ್ಚು ಹಿಡಿದು ಹೊರಡುವವರಿಗೆ ಇದನ್ನು ಹೇಳಬೇಕಾಗಿದೆ, ಜೊತೆಗೆ ಅಭಯಾರಣ್ಯದಲ್ಲಿ ಮರ ಕಡಿಯುವುದು ಅಪರಾಧ ಎಂಬುದನ್ನೂ.

ಎಲೆ ಉದುರಿದ ಮೇಲೆ ನಡೆಯುವುದು ಈ ಕಾಡಿನ ಅತಿ ಸೋಜಿಗದ ಭಾಗ. ಎಲೆಯಿಲ್ಲದಿದ್ದರೆ ನೀರು ಆವಿಯಾಗಿ ಹೋಗುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಆಳದ ಬೇರು ಎಳೆದುಕೊಡುವ ಅಷ್ಟಿಷ್ಟು ನೀರು ಕಾಂಡದಲ್ಲೇ ನಿಲ್ಲುತ್ತದೆ. ಸೊರಗಿದ್ದ ಕೊಂಬೆ ಮತ್ತೆ ತುಂಬಿಕೊಳ್ಳುತ್ತದೆ, ಮೊಗ್ಗು ಒಡೆಯುತ್ತದೆ. ಒಂದು ಹನಿ ಮಳೆ ಬಿದ್ದಿರುವುದಿಲ್ಲ, ಆದರೂ ಮರ ಹೂವಾಗುತ್ತದೆ. ಜನವರಿ ಕೊನೆಯಿಂದ ಬೂರುಗ, ಫೆಬ್ರುವರಿಯಿಂದ ಮುತ್ತುಗ. ಇವೆರಡನ್ನು "ಕೆಂಪು ಹೂವಿನ ಮರ" ಎಂದು ಒಂದೇ ಮಾಡುವುದುಂಟು. ಬೂರುಗದ ಹೂ ಅಂಗೈಯಗಲ, ದಪ್ಪ ಎಸಳಿನದು, ಕೊಂಬೆಯ ಮೇಲೆ ಒಂದೊಂದಾಗಿ ಕೂತಿರುತ್ತದೆ. ಎಳೆಯ ಕಾಂಡದ ತುಂಬ ಮೊನಚು ಮುಳ್ಳು. ಮುತ್ತುಗದ್ದು ಗೊಂಚಲು. ಮೊಗ್ಗಿನ ಹೊದಿಕೆ ಕಪ್ಪಗೆ ಮಖಮಲ್ಲಿನಂತೆ, ಅದರೊಳಗಿಂದ ಬಾಗಿದ ಕೊಕ್ಕಿನಂತೆ ಕಿತ್ತಳೆ ಎಸಳು ಹೊರಬರುತ್ತದೆ. ಸಂಸ್ಕೃತದವರು ಇದನ್ನು ನೋಡಿ "ಗಿಣಿಯೋ ಏನೋ" ಎಂದು ಕಿಂಶುಕ ಎಂದರು. ಸೂರಕ್ಕಿ, ಮೈನಾ, ಹರಟೆಮಲ್ಲಗಳು ಬೆಳಗಿನಿಂದ ಅಲ್ಲೇ ಇರುತ್ತವೆ. ಹಕ್ಕಿ ನೋಡುವವರು ಈ ಎರಡು ತಿಂಗಳು ಅಲೆಯುವ ಬದಲು ಹೂಬಿಟ್ಟ ಮುತ್ತುಗ ಕಾಣುವ ಕಡೆ ಒಂದು ಗಂಟೆ ನಿಂತರೆ ಹೆಚ್ಚು ಲಾಭ.

ಹಗಲು ನೋಡುವವರಿಗೆ ತಪ್ಪಿಹೋಗುವ ಮರವೊಂದಿದೆ: ಕವಲು. ಕೆಲವೆಡೆ ಕೌಲು ಎನ್ನುತ್ತಾರೆ, ಸಸ್ಯಶಾಸ್ತ್ರದ ಹೆಸರು ಕೆರಿಯಾ ಆರ್ಬೋರಿಯಾ. ಬೇಸಿಗೆ ಹತ್ತಿರವಾದಾಗ ಹೂ ಬಿಡುತ್ತದೆ, ಆದರೆ ಸಂಜೆಯ ಮೇಲೆ. ಬಿಳಿ ಎಸಳು, ನಡುವೆ ನೂರಾರು ಕೇಸರ, ಬುಡದಲ್ಲಿ ನಸುಗೆಂಪು. ಬಾವಲಿಗಳು ಬರುವ ಹೊತ್ತಿಗೆ ತೆರೆದು, ಬೆಳಕು ಹರಿಯುವಷ್ಟರಲ್ಲಿ ಎಸಳೂ ಕೇಸರವೂ ಒಟ್ಟಿಗೆ ಕಳಚಿ ಕೆಳಗೆ ಬೀಳುತ್ತವೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಮೇಲೆ ನೋಡಿ "ಹೂವಿಲ್ಲ" ಎಂದು ಬರೆದರೆ ಲೆಕ್ಕ ತಪ್ಪಿತು. ನೆಲ ನೋಡಬೇಕು: ಪೌಡರ್ ಹಚ್ಚುವ ಕುಚ್ಚಿನಂಥ ಕೇಸರದ ಉಂಡೆಗಳು ಬಿದ್ದಿದ್ದರೆ ರಾತ್ರಿ ಹೂವಾಗಿದೆ. ಕವಲಿನ ತೊಗಟೆ ದಪ್ಪ, ನೆಲದ ಬೆಂಕಿ ತಾಗಿದರೂ ಒಳಗಿನ ಜೀವ ಉಳಿಯುತ್ತದೆ. ಬೆಂಕಿ ಹಾಯ್ದ ಜಾಗದಲ್ಲಿ ಕರಿ ಬುಡದ ಮೇಲೆ ಹೊಸ ಚಿಗುರು ಹೊತ್ತು ನಿಂತ ಮರ ಕಂಡರೆ ಅದು ಇದೇ ಇರುವ ಸಂಭವ ಹೆಚ್ಚು.

ಇನ್ನು ಚಿಗುರು. ಹೊಸದಾಗಿ ನೋಡುವವರು ಅತಿ ಹೆಚ್ಚು ಎಡವುವುದು ಇಲ್ಲಿ. ಮಾರ್ಚ್ ನಡುವೆ ಬೋಳು ಕಾಡಿನಲ್ಲಿ ಒಂದು ಮರ ಉರಿಯುವ ಕೆಂಪಾಗಿ ನಿಂತಿರುತ್ತದೆ. ಫೋಟೋ ಹಾಕಿ "ಎಲೆ ಉದುರುವ ಮುನ್ನ ಬಣ್ಣ ಬದಲಿಸಿದ ಮರ" ಎಂದು ಬರೆಯುತ್ತಾರೆ. ಅದು ಉದುರುವ ಎಲೆಯಲ್ಲ, ಸಾಗಡೆಯ ಎಳೆ ಚಿಗುರು. ಜನವರಿಯ ದಿಂಡಿಗದ ಕೆಂಪು ಮುದಿ ಎಲೆಯದು, ಮಾರ್ಚಿನ ಸಾಗಡೆಯ ಕೆಂಪು ಎಳೆ ಎಲೆಯದು. ಬೇರೆ ಮಾಡುವುದು ಸುಲಭ. ಎಳೆ ಎಲೆ ಹೊಳೆಯುತ್ತದೆ, ತೊಟ್ಟಿನಿಂದ ಜೋತು ಬಿದ್ದಿರುತ್ತದೆ, ಬಟ್ಟೆಯಂತೆ ಮೆತ್ತಗಿರುತ್ತದೆ. ಮುದಿ ಎಲೆಗೆ ಹೊಳಪಿಲ್ಲ, ಚುಕ್ಕೆ, ತೂತು, ಒಣಗಿದ ಅಂಚು ಇರುತ್ತವೆ, ಕೊಂಬೆಯ ಮೇಲೆ ಬಿಗಿಯಾಗಿ ನಿಂತಿರುತ್ತದೆ. ಬೈನಾಕ್ಯುಲರಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ. ಬಸರಿಯ ತಿಳಿಗೆಂಪು ಚಿಗುರೂ ಇದೇ ಹೊತ್ತಿನದು.

ಮಳೆಗೆ ಒಂದು ತಿಂಗಳು ಮೊದಲೇ, ಬಿರುಬಿಸಿಲಲ್ಲಿ ಚಿಗುರುವ ಹುಚ್ಚು ಯಾಕೆ? ಎರಡು ಕಾರಣ ಹೇಳಬಹುದು. ಹಗಲು ಉದ್ದವಾಗುತ್ತಾ ಹೋಗುವುದು ಮರಕ್ಕೆ ಸೂಚನೆ. ಮಳೆ ವರ್ಷಕ್ಕೊಂದು ಥರ ಬಂದರೂ ಹಗಲಿನ ಉದ್ದ ತಪ್ಪುವುದಿಲ್ಲ. ಇನ್ನೊಂದು ಹುಳು. ಎಲೆ ತಿನ್ನುವ ಹುಳುಗಳ ಸಂಖ್ಯೆ ಏರುವುದು ಮಳೆ ಬಿದ್ದ ಮೇಲೆ. ಅಷ್ಟರೊಳಗೆ ಚಿಗುರು ಬಲಿತು ಗಡುಸಾಗಿಬಿಟ್ಟರೆ ಹುಳುವಿನ ಹಲ್ಲಿಗೆ ಸಿಗುವುದು ಕಡಿಮೆ. ಬಂಡೀಪುರದ ಪಕ್ಕದ ಮುದುಮಲೆ ಕಾಡಿನಲ್ಲಿ ವಿಜ್ಞಾನಿಗಳು ಅಳೆದು ನೋಡಿದಾಗಲೂ ಒಣಗಾಲದಲ್ಲಿ ಚಿಗುರಿದ ಮರಗಳಿಗೆ ಮಳೆಯಲ್ಲಿ ಚಿಗುರಿದವಕ್ಕಿಂತ ಹುಳುವಿನ ಹಾನಿ ಕಡಿಮೆ ಇತ್ತು. ತೇಗ ಮಾತ್ರ ಇಷ್ಟು ಅವಸರ ಮಾಡುವುದಿಲ್ಲ, ಮೇ ತನಕ ಬೋಳಾಗಿಯೇ ನಿಂತಿರುತ್ತದೆ. ಅದರ ಫಲವನ್ನೂ ಅನುಭವಿಸುತ್ತದೆ, ಅದು ಮುಂದೆ.

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುವುದು ಹೊಲದ ಮಾತಾದರೂ ಕಾಡಿನ ನೆಲಕ್ಕೂ ಸಲ್ಲುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ವಾರದ ಒಂದೆರಡು ಗುಡುಗು ಮಳೆ ಸಾಕು: ಕಾರೆ ಗಿಡದಲ್ಲಿ ಬಿಳಿ ಹೂ ಅರಳಿ ಎರಡು ದಿನಕ್ಕೆ ಹಳದಿಗೆ ತಿರುಗುತ್ತದೆ (ಎರಡು ಬಣ್ಣದ ಹೂವಲ್ಲ, ಹೊಸದು ಮತ್ತು ಹಳೆಯದು). ಕಾಡು ಅರಿಶಿನ ಎಲೆಗಿಂತ ಮೊದಲು ಹೂದಂಡನ್ನೇ ನೆಲದಿಂದ ಹೊರದೂಡುತ್ತದೆ. ಮರದ ತೊಗಟೆಗೆ ಅಂಟಿದ ಸೀತಾಳೆದಂಡೆ ಮೇ, ಜೂನಿನಲ್ಲಿ ನರಿಬಾಲದಂತೆ ಇಳಿಬೀಳುತ್ತದೆ.

ಈ ಹೊತ್ತಿನ ದೊರೆ ಕಕ್ಕೆ. ಅದರ ಬಗ್ಗೆ ಎರಡು ಎಚ್ಚರಿಕೆ. ಒಂದು, ಏಪ್ರಿಲಿನಲ್ಲಿ ಹಳದಿ ಹೂವಿನ ಜೊತೆ ಕೋಲಿನಂಥ ಕಪ್ಪು ಕಾಯಿಯೂ ತೂಗುತ್ತಿರುತ್ತದೆ. ಆ ಕಾಯಿ ಹೋದ ವರ್ಷದ ಹೂವಿನದು. ಈ ವರ್ಷದ್ದು ಮಳೆಗಾಲದಲ್ಲಿ ಹಸಿರಾಗಿ ಉದ್ದವಾಗಿ ಚಳಿಗಾಲಕ್ಕೆ ಕಪ್ಪಾಗುತ್ತದೆ. ಹೂ, ಕಾಯಿ ಒಟ್ಟಿಗೆ ಕಂಡ ದಿನ "ಹೂ ಮುಗಿದು ಕಾಯಿ ಕಟ್ಟಿದೆ" ಎಂದು ಬರೆದರೆ ಎರಡು ವರ್ಷದ ಬೆಳೆ ಒಂದಕ್ಕೊಂದು ಕಲಸಿಹೋಗುತ್ತದೆ. ಎರಡು, ಬಂಡೀಪುರ, ನಾಗರಹೊಳೆ, ವಯನಾಡಿನ ಕಡೆ ಮಳೆಗಾಲದ ಕೊನೆಯಲ್ಲಿ ರಸ್ತೆಬದಿ ತುಂಬ ಹಳದಿಯಾಗಿ ನಿಲ್ಲುವ ಮರ ಕಕ್ಕೆಯಲ್ಲ. ಅದು ಸೆನ್ನಾ ಸ್ಪೆಕ್ಟಾಬಿಲಿಸ್, ಅಮೆರಿಕದ ಉಷ್ಣವಲಯದಿಂದ ಬಂದದ್ದು. ಈಗ ಕಾಡಿನೊಳಕ್ಕೆ ನುಗ್ಗಿ ಕೆಳಗೆ ಹುಲ್ಲೂ ಬೆಳೆಯದಂತೆ ಮಾಡುತ್ತಿದೆ. ಕಕ್ಕೆಯ ಗೊಂಚಲು ಕೆಳಕ್ಕೆ ತೂಗುತ್ತದೆ, ಇದರದ್ದು ಕೊಂಬೆಯ ತುದಿಯಲ್ಲಿ ಮೇಲಕ್ಕೆ ನಿಲ್ಲುತ್ತದೆ. ಕಕ್ಕೆಯ ಒಂದು ಎಲೆಯಲ್ಲಿ ಅಂಗೈಯುದ್ದದ ಕಿರುಎಲೆಗಳು ಮೂರರಿಂದ ಎಂಟು ಜೊತೆ. ಸೆನ್ನಾದಲ್ಲಿ ಸಣ್ಣ ಕಿರುಎಲೆಗಳು ಎಂಟು ಜೊತೆಯ ಮೇಲೆಯೇ. ಕಡಿದರೆ ಬುಡದಿಂದ ನಾಲ್ಕಾರು ಕವಲಾಗಿ ಮತ್ತೆ ಏಳುತ್ತದೆ, ಅದಕ್ಕೇ ಅರಣ್ಯ ಇಲಾಖೆಗೆ ತಲೆನೋವು.

ಮಳೆಗಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೇಗ ಈಗ ಹೂ ಬಿಡುತ್ತದೆ, ಕೆನೆಬಣ್ಣದ ದೊಡ್ಡ ಗೊಂಚಲು ಎಲೆಯ ಮೇಲೆ ಎದ್ದು ನಿಲ್ಲುತ್ತದೆ. ತಡವಾಗಿ ಚಿಗುರಿದ್ದಕ್ಕೆ ದಂಡವೂ ಈಗಲೇ: ಹುಳುಗಳು ಎಲೆಯ ಹಸಿರನ್ನೆಲ್ಲ ತಿಂದು ನರಗಳ ಜರಡಿ ಮಾತ್ರ ಬಿಡುತ್ತವೆ. ದೂರದಿಂದ ನೋಡಿದರೆ ಇಡೀ ಮರ ಕಂದು. ಆಗಸ್ಟ್, ಸೆಪ್ಟೆಂಬರಿನಲ್ಲಿ ತೇಗ "ಒಣಗಿದೆ" ಎಂದು ಕಂಡರೆ ಬಿದ್ದ ಎಲೆಯನ್ನು ಬೆಳಕಿಗೆ ಹಿಡಿಯಿರಿ, ಆಚೆಯ ಆಕಾಶ ಕಾಣುತ್ತದೆ. ಬೇಲಿ, ಪೊದೆಯಂಚಿನಲ್ಲಿ ಗೌರಿಹೂ ಹತ್ತಿರದಿಂದ ನೋಡಬೇಕಾದದ್ದು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿಯುತ್ತದೆ. ಎಸಳು ಮೊದಲ ದಿನ ಹಸಿರು ಹಳದಿ, ಆಮೇಲೆ ತುದಿಯಿಂದ ಕೆಂಪು ಇಳಿಯುತ್ತದೆ. ಗೆಡ್ಡೆ ಕಡು ವಿಷ, ಮಕ್ಕಳ ಕೈಗೆ ಸಿಗಬಾರದು.

ಈ ಬೆಟ್ಟಕ್ಕೆ ಮುಂಗಾರಿನಷ್ಟೇ ಹಿಂಗಾರೂ ಮುಖ್ಯ, ಪೂರ್ವದ ತಪ್ಪಲಿಗಂತೂ ಅಕ್ಟೋಬರಿನ ಮಳೆಯೇ ದೊಡ್ಡದು. ಆ ಮಳೆಯ ಆಸುಪಾಸಿನಲ್ಲಿ ಹೊನ್ನೆ ಹೂವಾಗುತ್ತದೆ. ಮರ ಎತ್ತರ, ಹೂ ಚಿಕ್ಕದು, ಹಾಗಾಗಿ ಅದನ್ನು ಪತ್ತೆ ಮಾಡುವುದು ಸಾಮಾನ್ಯವಾಗಿ ರಸ್ತೆಯ ಮೇಲೆ ಚೆಲ್ಲಿದ ಹಳದಿಯಿಂದ. ತಿಂಗಳೆರಡರಲ್ಲಿ ನಾಣ್ಯದ ಸುತ್ತ ರೆಕ್ಕೆ ಹೊಲಿದಂಥ ಕಾಯಿ. ಹುಲ್ಲು ಈಗ ತಲೆ ಮೀರಿರುತ್ತದೆ, ಪ್ರಾಣಿ ಕಾಣುವುದಿಲ್ಲ ಎಂದು ಸಫಾರಿಯವರು ಗೊಣಗುವ ತಿಂಗಳು.

ನಂತರ ನೆಲ್ಲಿ. ಇಲ್ಲಿ ಎರಡು ನೆಲ್ಲಿಗಳಿವೆ: ಎಲೆಯುದುರುವ ಕಾಡಿನ ಫಿಲಾಂಥಸ್ ಎಂಬ್ಲಿಕಾ, ತಗ್ಗಿನ ಒಣಪೊದೆಯ ಕಡೆ ಹೆಚ್ಚಾಗಿ ಸಿಗುವ, ಕಾಯಿ ದಪ್ಪಗಿನ ಫಿಲಾಂಥಸ್ ಇಂಡೋಫಿಶೆರಿ. ಮಾರ್ಚ್, ಏಪ್ರಿಲಿನಲ್ಲಿ ಹೂವಾಗಿ ನವೆಂಬರಿನಿಂದ ಫೆಬ್ರುವರಿವರೆಗೆ ಕಾಯಿ ಬಲಿಯುತ್ತದೆ. ಬಿದ್ದ ಕಾಯನ್ನು ಜಿಂಕೆ, ಕಡವೆ ನುಂಗಿ, ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಓಟೆಯನ್ನು ಉಗುಳುತ್ತವೆ. ಬಿಸಿಲಿಗೆ ಆ ಓಟೆ ಚಟ್ಟನೆ ಒಡೆದು ಒಳಗಿನ ಸಣ್ಣ ಬೀಜಗಳು ಸಿಡಿಯುತ್ತವೆ. ಒಂದೂ ನೆಲ್ಲಿ ಮರವಿಲ್ಲದ ಕಡೆ ಓಟೆಗಳ ರಾಶಿ ಕಂಡರೆ ಅದು ಜಿಂಕೆಗಳು ಮಲಗುವ ಜಾಗ. ನೆಲ್ಲಿಯ ಎಲೆ ಉದುರುವ ರೀತಿಯೂ ಬೇರೆ: ಒಂದೊಂದು ಎಲೆಯಲ್ಲ, ಎಲೆ ಹೊತ್ತ ಕಡ್ಡಿಯೇ ಕಳಚಿ ಬೀಳುತ್ತದೆ.

ಎಲೆಯುದುರಿದ ನೆಲ್ಲಿಯಲ್ಲಿ ಹಸಿರು ಗುಂಪುಗಳು ಉಳಿದಿದ್ದರೆ ಅವು ನೆಲ್ಲಿಯದಲ್ಲ, ಮರದ ಮೇಲೆ ಬೆಳೆದು ಅದರ ಸಾರ ಹೀರುವ ಬದನಿಕೆ ಗಿಡದ್ದು. ಬದನಿಕೆಯ ಹಣ್ಣಿನ ತಿರುಳು ಅಂಟು. ತಿಂದ ಪುಟ್ಟ ಹಕ್ಕಿ ಅಂಟಿದ ಬೀಜವನ್ನು ಕೊಂಬೆಗೆ ಒರೆಸುತ್ತದೆ, ಬೀಜ ಅಲ್ಲೇ ಮೊಳೆತು ಕೊಂಬೆಯೊಳಕ್ಕೆ ಬೇರಿಳಿಸುತ್ತದೆ. ಹೆಚ್ಚಾದರೆ ಫಸಲು ಇಳಿಯುತ್ತದೆ, ಮರವೂ ಸಾಯುತ್ತದೆ. ಈ ಬೆಟ್ಟದ ಸೋಲಿಗ ಬುಡಕಟ್ಟಿನವರು ಬದನಿಕೆ, ಹೊರನಾಡಿನಿಂದ ಬಂದ ಲಂಟಾನ ಪೊದೆ ಎರಡೂ ಏರಿದ್ದಕ್ಕೆ ಕಾರಣ ತರಗುಬೆಂಕಿ ನಿಂತದ್ದು ಎನ್ನುತ್ತಾರೆ. ಒಣಗಾಲದ ಆರಂಭದಲ್ಲೇ, ತರಗು ತೆಳುವಾಗಿರುವಾಗ ಹಾಕುತ್ತಿದ್ದ ಮೊಣಕಾಲೆತ್ತರದ ಬೆಂಕಿ ಅದು. ಅಭಯಾರಣ್ಯವಾದ ಮೇಲೆ ನಿಷೇಧವಾಯಿತು. ಮಾತನ್ನು ಹಾಗೇ ತಳ್ಳಿಹಾಕುವಂತಿಲ್ಲ. 1997ರಿಂದ 2008ರೊಳಗೆ ಇಲ್ಲಿ ಲಂಟಾನ ಹಬ್ಬಿದ ಜಾಗ ಸುಮಾರು ಎರಡು ಪಟ್ಟಾಗಿದೆ. ಈಗ ಅದೇ ಪೊದೆ ಒಣಗಿ ನಿಂತು ನೆಲದ ಬೆಂಕಿಗೆ ಮರದ ತಲೆಯವರೆಗೆ ಏಣಿಯಾಗುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದ ಹೊತ್ತೂ ತರಗು ತುಂಬಿದ್ದ ಈ ತಿಂಗಳೇ. ಹಾಗೆಂದು ಯಾರು ಬೇಕಾದರೂ ಕಡ್ಡಿ ಗೀರಬಹುದು ಎಂದಲ್ಲ. ಲಂಟಾನ ಬೆಳೆದು ನಿಂತ ಮೇಲೆ ಹಳೆಯ ಸಣ್ಣ ಬೆಂಕಿ ಸಣ್ಣದಾಗಿ ಉಳಿಯುವುದಿಲ್ಲ. ಮೊದಲು ಲಂಟಾನವನ್ನು ಬೇರು ಸಮೇತ ಕೀಳಬೇಕು, ಆಮೇಲೆ ಆ ಚರ್ಚೆ.

ಲೆಕ್ಕ ಬರೆದಿಡುವ ಕ್ರಮ ಇಷ್ಟು. ಸಾರ್ವಜನಿಕ ರಸ್ತೆಯಿಂದ ಕಾಣುವ, ಬಲಿತ ಮರಗಳನ್ನೇ ಆರಿಸಿ. ಒಂದು ಜಾತಿಗೆ ಮೂರಾದರೂ ಬೇಕು, ಒಂಟಿ ಮರ ದಾರಿ ತಪ್ಪಿಸುತ್ತದೆ. ಬೀಡಿ ಎಲೆಯ ತುಮರಿಯಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಮರ. ನಿಮ್ಮ ಮೂರೂ ಗಂಡಾಗಿದ್ದರೆ ಹತ್ತು ವರ್ಷ ನೋಡಿದರೂ ಹಣ್ಣು ಕಾಣುವುದಿಲ್ಲ, ಹಾಗಾಗಿ ಅಂಥ ಜಾತಿಗೆ ಐದಾರು ಇಟ್ಟುಕೊಳ್ಳಿ. ಮರಕ್ಕೆ ಮೊಳೆ, ಬಣ್ಣ, ಹಗ್ಗ ಬೇಡ. ಕಿಲೋಮೀಟರ್ ಕಲ್ಲಿನಿಂದ ಎಷ್ಟು ದೂರ, ಯಾವ ಬದಿ ಎಂದು ಬರೆದು ಮೊಬೈಲಿನಲ್ಲಿ ಜಾಗ ಗುರುತು ಹಾಕಿದರೆ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಭಯಾರಣ್ಯದಿಂದ ಒಂದು ಕಾಯಿಯನ್ನೂ ಪರವಾನಗಿ ಇಲ್ಲದೆ ತರುವಂತಿಲ್ಲ, ಎಲೆ ಮಗುಚಿ ನೋಡಿದರೂ ಅಲ್ಲೇ ಬಿಡಿ. ಆನೆ ಓಡಾಡುವ ರಸ್ತೆ. ಇಳಿಯಬಾರದ ಕಡೆ ಇಳಿಯಬೇಡಿ, ಅಲ್ಲಿ ಬೈನಾಕ್ಯುಲರೇ ಗತಿ. ಎಂಟು ಪಟ್ಟು ಹಿಗ್ಗಿಸುವಂಥದು ಸಾಕು, ಹನ್ನೆರಡರದ್ದು ಕೈಯಲ್ಲಿ ಅಲುಗುತ್ತದೆ.

ವಾರಕ್ಕೊಮ್ಮೆ, ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ. ತಿಂಗಳಿಗೊಮ್ಮೆ ನೋಡಿದರೆ ಸಾಗಡೆಯ ಚಿಗುರು ಬಂದು ಹಸಿರಾಗಿ ಹೋಗಿರುತ್ತದೆ. ಪ್ರತಿ ಮರಕ್ಕೂ ಎಂಟು ಮನೆ: ಎಳೆ ಎಲೆ, ಬಲಿತ ಎಲೆ, ಮುದಿ ಎಲೆ, ಮೊಗ್ಗು, ಹೂ, ಎಳೆಕಾಯಿ, ಹಣ್ಣು, ಒಡೆದ ಕಾಯಿ. ಪ್ರತಿಯೊಂದಕ್ಕೂ ಇಲ್ಲದಿದ್ದರೆ 0, ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ 1, ಹೆಚ್ಚಿದ್ದರೆ 2. ಶೇಕಡಾ ಲೆಕ್ಕಕ್ಕೆ ಇಳಿಯಬೇಡಿ. ಇಬ್ಬರು ನೋಡಿದರೆ ಒಬ್ಬರು 40 ಎನ್ನುತ್ತಾರೆ, ಇನ್ನೊಬ್ಬರು 60. ಇಬ್ಬರೂ 2 ಎಂದು ಬರೆದರೆ ಜಗಳವಿಲ್ಲ. ಜೊತೆಗೆ ಒಂದೇ ಜಾಗದಲ್ಲಿ ನಿಂತು, ಒಂದೇ ಕಡೆಯಿಂದ ಒಂದು ಫೋಟೋ.

ಮೋಸ ಹೋಗುವ ಜಾಗಗಳು ಇನ್ನೂ ಕೆಲವಿವೆ. ಬಳ್ಳಿಯ ಹೂವನ್ನು ಮರದ್ದೆಂದು ಬರೆಯುವುದು ಬಲು ಸಾಮಾನ್ಯ. ಹೂವಿನ ತೊಟ್ಟಿನಿಂದ ಕೊಂಬೆಯವರೆಗೆ ಕಣ್ಣಲ್ಲೇ ಹಿಂಬಾಲಿಸಿ. ಮತ್ತಿಯ ಐದು ರೆಕ್ಕೆಯ ಕಾಯಿ ಒಣಗಿದ ಮೇಲೆ ದೂರದಿಂದ ಮುದಿ ಎಲೆಯಂತೆಯೇ ಕಾಣುತ್ತದೆ. ಬೂರುಗದ ಕೆಳಗೆ ಹೂ ರಾಶಿ ಬಿದ್ದರೆ ಹೂವಿನ ಕಾಲ ಮುಗಿಯಿತೆಂದಲ್ಲ, ಮುಸುವಗಳು ಬಂದುಹೋಗಿರಬಹುದು. ಕಚ್ಚಿದ ಗುರುತು ನೋಡಿ. ಕೊಂಬೆ ಮುರಿದು ಎಲೆ ಹೋಗಿದ್ದರೆ ಆನೆ ಎಂದು ಪಕ್ಕದಲ್ಲಿ ಬರೆಯಿರಿ, ಇಲ್ಲವಾದರೆ ಮುಂದಿನ ವರ್ಷ ನೋಡುವಾಗ ನವೆಂಬರಿನಲ್ಲೇ ಎಲೆ ಉದುರಿತೆಂದು ಅನಿಸುತ್ತದೆ. ಹೋಗಲಾಗದ ವಾರದ ಮನೆಗಳನ್ನು ಖಾಲಿಯೇ ಬಿಡಿ. ಹಿಂದಿನ ವಾರದ್ದನ್ನೂ ಮುಂದಿನ ವಾರದ್ದನ್ನೂ ನೋಡಿ ನಡುವಿನದನ್ನು ಊಹಿಸಿ ತುಂಬುವವರಿದ್ದಾರೆ, ಅಲ್ಲಿ 0 ಹಾಕುವವರೂ ಇದ್ದಾರೆ. 0 ಎಂದರೆ ನೋಡಿದೆ, ಇರಲಿಲ್ಲ ಎಂದರ್ಥ.